ಚಕ್ರಕ್ಕೂ ಬೇಕಂತೆ ಚಳಿಗಾಲದ ಚಪ್ಪಲಿ!

ಮೂವತ್ತೆರಡು ವರ್ಷ ಗಾಂಧಿನಗರದ ಪ್ರೊಡಕ್ಷನ್ ಗಾಡಿ ಓಡಿಸಿದವನು ನಾನು. ಹೀರೋಗಳನ್ನು ಹೊತ್ತಿದ್ದೇನೆ, ಹೀರೋಯಿನ್‌ಗಳ ಅಮ್ಮಂದಿರನ್ನು ಹೊತ್ತಿದ್ದೇನೆ (ಹೀರೋಗಳಿಗಿಂತ ಅವರೇ ಭಾರ!), ಕ್ಯಾಮರಾ, ಜನರೇಟರ್, ಉಪ್ಪಿಟ್ಟಿನ ಡಬರಿ ಎಲ್ಲವನ್ನೂ ಹೊತ್ತಿದ್ದೇನೆ. ಆಗುಂಬೆ ಘಾಟಿಯನ್ನು ಮಳೆಗಾಲದಲ್ಲಿ ಕಣ್ಣು ಮುಚ್ಚಿಕೊಂಡು ಇಳಿಸುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದವನು. ಟೈರಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದೇ ತಿಳಿದಿದ್ದೆ.

ಹುಟ್ಟಿದ್ದರು ಸ್ವಾಮಿ! ನನ್ನ ಅಳಿಯಂದಿರು. ಅದೂ ಎಲ್ಲಿ? ಜರ್ಮನಿಯ ಮ್ಯೂನಿಕ್ ನಗರದಲ್ಲಿ!

2024ರ ಅಕ್ಟೋಬರ್ ಮೂರನೇ ವಾರ. ಮಗಳಿಗೆ ಮಗುವಾಗಿ ಮೂರು ತಿಂಗಳು. ಮೊಮ್ಮಗನ ಮುಖ ನೋಡಲು ನಾನೂ ನನ್ನವಳೂ ವಿಮಾನ ಇಳಿದೆವು. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಚಳಿ ಮುಖಕ್ಕೆ ಹೊಡೆದ ಹಾಗಾಯಿತು. ಮರಗಳೆಲ್ಲ ಹಳದಿ, ಕೆಂಪು. ಕಲರ್ ಪಿಕ್ಚರ್ ಬಂದ ಹೊಸದರಲ್ಲಿ ನಮ್ಮವರು ಬಣ್ಣ ಸುರಿಯುತ್ತಿದ್ದರಲ್ಲ, ಹಾಗೆ. ಆದರೆ ಆ ಊರಿನ ಜನಕ್ಕೆ ಎಲೆ ನೋಡಲು ಪುರುಸೊತ್ತಿಲ್ಲ. ಎಲ್ಲಿ ನೋಡಿದರೂ ಟೈರ್ ಹೊರುತ್ತಿದ್ದಾರೆ. ಡಿಕ್ಕಿಯಲ್ಲಿ ಟೈರು, ಹಿಂದಿನ ಸೀಟಿನಲ್ಲಿ ಟೈರು, ವರ್ಕ್‌ಶಾಪಿನ ಮುಂದೆ ಟೈರಿನ ಗೋಪುರ.

"ಏನ್ ಅಳಿಯಂದ್ರೇ, ಟೈರ್ ಜಾತ್ರೆನಾ?" ಎಂದೆ.

"ಚಳಿಗಾಲದ ಟೈರ್ ಮಾವ. ಬೇಸಿಗೇದು ಬಿಚ್ಚಿ ಚಳಿಗಾಲದ್ದು ಹಾಕ್ಬೇಕು. ಇಲ್ಲಿ 'ಓ ಇಂದ ಓ ತನಕ' ಅಂತಾರೆ."

ಅವರ ಭಾಷೆಯಲ್ಲಿ ಅಕ್ಟೋಬರ್ ಎನ್ನುವುದೂ ಈಸ್ಟರ್ ಎನ್ನುವುದೂ 'ಓ' ಅಕ್ಷರದಿಂದಲೇ ಶುರು. ಹಾಗಾಗಿ ಅಕ್ಟೋಬರಿನಿಂದ ಈಸ್ಟರ್ ಹಬ್ಬದ ತನಕ ಚಳಿಗಾಲದ ಟೈರ್ ಎಂದು ಜನರ ಬಾಯಲ್ಲಿ ಒಂದು ಲೆಕ್ಕ. ಕಾನೂನಿನಲ್ಲಿ ತಾರೀಖು ಇಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದ ದಿನ ಆ ಟೈರ್ ಇಲ್ಲದೆ ಓಡಿಸುವ ಹಾಗಿಲ್ಲ, ಅಷ್ಟೆ. ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸಿಗೆ ಒಂದು ಕಪ್ಪು ಚುಕ್ಕೆ.

ನಾನು ನಕ್ಕುಬಿಟ್ಟೆ. "ಗಾಳಿ ಇದ್ರೆ ಟೈರು, ಇಲ್ದಿದ್ರೆ ರಬ್ಬರು. ಅದರಲ್ಲೂ ಚಳಿಗಾಲ ಬೇಸಿಗೆ ಅಂತ ಇದೆಯಾ? ಮದುವೆಗೊಂದು ತಿಥಿಗೊಂದು ಬೇರೆ ಇಟ್ಕೊಂಡಿದ್ದೀರಾ?" ಎಂದೆ.

ಅಳಿಯಂದಿರು ಬಹಳ ಸಂಭಾವಿತರು. ಎದುರು ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಕೈಗಿಟ್ಟರು. ಬಾಲ್ಕನಿಯಲ್ಲಿ ರಾತ್ರಿಯೆಲ್ಲ ಇದ್ದದ್ದು. ಬುಡಮೇಲು ಮಾಡಿದರೂ ಒಂದು ತೊಟ್ಟು ಬೀಳಲಿಲ್ಲ.

"ರಬ್ಬರೂ ಹೀಗೇ ಮಾವ. ಸುಮಾರು ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಬೇಸಿಗೆ ಟೈರು ಗಟ್ಟಿಯಾಗ್ತಾ ಹೋಗುತ್ತೆ. ಹಿಡಿತ ತಪ್ಪುತ್ತೆ. ಹಿಮಾನೇ ಬೇಕಾಗಿಲ್ಲ, ಒದ್ದೆ ರಸ್ತೆ ಸಾಕು. ಚಳಿಗಾಲದ್ದು ಬೇರೆ ಮಿಶ್ರಣ, ಎಷ್ಟು ಚಳಿ ಇದ್ರೂ ಮೆತ್ತಗಿರುತ್ತೆ."

ನಮ್ಮ ಮನೆಯ ತಂಗಳು ಮುದ್ದೆ ನೆನಪಾಯಿತು. ಬಿಸಿ ಮುದ್ದೆ ಕೈಗೆ ಅಂಟುತ್ತೆ, ಮಾರನೆ ದಿನದ್ದನ್ನು ಗೋಡೆಗೆ ಎಸೆದರೆ ಗೋಡೆಯೇ ಒಡೆಯುತ್ತೆ! ಬಾಯಿ ಮುಚ್ಚಿಕೊಂಡೆ. ಆದರೆ ಪೂರ್ತಿ ಒಪ್ಪಲಿಲ್ಲ. ಡ್ರೈವರ್ ಜಾತಿ ನೋಡಿ!

ಟೈರಿಗೂ ಹೋಟೆಲ್ಲು!

ಮಾರನೆ ದಿನ "ಮಾವ, ಟೈರ್ ಹೋಟೆಲ್‌ಗೆ ಹೋಗ್ಬರೋಣ" ಅಂದರು. ಹೋಟೆಲ್ ಅಂದ ತಕ್ಷಣ ನಾನು ಹೊಟ್ಟೆ ಖಾಲಿ ಇಟ್ಟುಕೊಂಡು ಹೊರಟೆ. ಹೋಗಿ ನೋಡಿದರೆ ದೊಡ್ಡ ಗೋಡೌನು! ಬೇಸಿಗೆ ಮುಗಿಯುವವರೆಗೆ ಚಳಿಗಾಲದ ಚಕ್ರಗಳನ್ನು ಬಾಡಿಗೆಗೆ ಮಲಗಿಸುವ ಜಾಗ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾಲ್ಕು ಚಕ್ರ ಇಡಲು ಸ್ಥಳವೆಲ್ಲಿ? ಹಾಗಾಗಿ ಚಕ್ರಕ್ಕೂ ಲಾಡ್ಜಿಂಗು. (ಬೋರ್ಡಿಂಗ್ ಇಲ್ಲ.)

ಅಳಿಯಂದಿರ ಹಳೆಯ ಸೆಟ್ ಹೊರಗೆ ಬಂತು. ಅಲ್ಲಿನ ಮೆಕ್ಯಾನಿಕ್ ಟೈರಿನ ಪಕ್ಕದಲ್ಲಿ ಕೊರೆದಿದ್ದ ನಾಲ್ಕು ಅಂಕಿ ತೋರಿಸಿದ: 3516. ಅಂದರೆ 2016ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಈ ಲೆಕ್ಕ ನಮ್ಮೂರ ಟೈರಿನ ಮೇಲೂ ಇರುತ್ತೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ದಯವಿಟ್ಟು ಬಗ್ಗಿ ನೋಡಿ, ಮಾರುವವನ ಮುಖ ನೋಡಬೇಡಿ. ಆಮೇಲೆ ಆತ ಜೇಬಿನಿಂದ ಎರಡು ಯೂರೋ ನಾಣ್ಯ ತೆಗೆದು ಟೈರಿನ ಗಾಡಿಯೊಳಗೆ ನಿಲ್ಲಿಸಿದ. ಆ ನಾಣ್ಯದ ಹೊರಗಿನ ಬೆಳ್ಳಿ ಬಣ್ಣದ ಅಂಚು ಸುಮಾರು ನಾಲ್ಕು ಮಿಲಿಮೀಟರ್. ಅಂಚು ಪೂರ್ತಿ ಮುಳುಗಿದರೆ ಪಾಸು, ಕಂಡರೆ ಫೇಲು. ಕಂಡಿತು!

ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರ್ ಇದ್ದರೂ ನಡೆಯುತ್ತೆ. ಆದರೆ ಅದು ಕಾಗದದ ಮೇಲಿನ ಮಾತು. ಹಿಮದ ಮೇಲೆ ನಾಲ್ಕಕ್ಕಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ ಅನ್ನುತ್ತಾರೆ. ಪಕ್ಕದ ಆಸ್ಟ್ರಿಯಾದಲ್ಲಿ ನಾಲ್ಕಕ್ಕಿಂತ ಕೆಳಗಿದ್ದರೆ ಅದನ್ನು ಚಳಿಗಾಲದ ಟೈರ್ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ ಹಿಮದ ದಿನಗಳಲ್ಲಿ ಕಡ್ಡಾಯ. ನಮಗೋ ಆಸ್ಟ್ರಿಯಾಕ್ಕೇ ಹೋಗಬೇಕಿತ್ತು. ಯಾಕೆ ಅಂತೀರಾ? ನನ್ನ ಹಠ! ಜೇಮ್ಸ್ ಬಾಂಡ್ ಚಿತ್ರ 'ಸ್ಪೆಕ್ಟರ್' 2015ರಲ್ಲಿ ಬಂತಲ್ಲ, ಅದರಲ್ಲಿ ಹಿಮಬೆಟ್ಟದ ನೆತ್ತಿಯ ಮೇಲೆ ಗಾಜಿನ ಆಸ್ಪತ್ರೆ ಬರುತ್ತೆ. ಅದು ನಿಜವಾಗಿ ಜ಼ೋಲ್ಡನ್ ಎಂಬ ಊರಿನ ಮೇಲಿರುವ ರೆಸ್ಟೊರಾಂಟ್. ಮ್ಯೂನಿಕ್‌ನಿಂದ ಕೆಲವೇ ಗಂಟೆ ದಾರಿ. ಇಷ್ಟು ಹತ್ತಿರ ಬಂದು ಬಾಂಡ್ ಲೊಕೇಶನ್ ನೋಡದೆ ಹೋದರೆ ಗಾಂಧಿನಗರದ ಗೆಳೆಯರ ಮುಂದೆ ಮುಖ ಎತ್ತುವುದು ಹೇಗೆ?

ಸರಿ, ಹೊಸ ಟೈರ್ ಬೇಕು. ಅಳಿಯಂದಿರ ಆಫೀಸಿನವರೊಬ್ಬರು ಹಳೆಯ ಸೆಟ್ ಒಂದನ್ನು ಅಗ್ಗಕ್ಕೆ ಕೊಡುತ್ತೇನೆ ಎಂದರು. ನೋಡಿದೆವು. ಗಾಡಿ ಆಳವಾಗಿತ್ತು, ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಎಂದು ಬರೆದಿತ್ತು. ಕೆಸರಿಗೂ ಹಿಮಕ್ಕೂ ಆಗುತ್ತೆ ಎಂದು ಅರ್ಥ. "ತಗೊಳ್ಳಿ, ಬಂಗಾರದಂಥ ಮಾಲು" ಎಂದೆ. ಅಳಿಯಂದಿರು ಮೊಣಕಾಲೂರಿ ಇನ್ನೇನೋ ಹುಡುಕುತ್ತಿದ್ದರು.

"ಬೆಟ್ಟದ ಗುರುತಿಲ್ಲ ಮಾವ."

ಮೂರು ಶಿಖರದ ಪುಟ್ಟ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಹಿಮದ ಮೇಲೆ ಪರೀಕ್ಷೆ ಮಾಡಿ ಗೆದ್ದ ಟೈರಿಗೆ ಮಾತ್ರ ಆ ಗುರುತು. 'ಎಂ ಪ್ಲಸ್ ಎಸ್' ಹಾಗಲ್ಲ. ಅದು ಕಂಪೆನಿಯವರು ತಾವೇ ಬರೆದುಕೊಳ್ಳುವುದು. ನಮ್ಮಲ್ಲಿ ಕೆಲವರು ಹೆಸರಿನ ಹಿಂದೆ ತಾವೇ ಬಿರುದು ಸೇರಿಸಿಕೊಳ್ಳುತ್ತಾರಲ್ಲ, ಹಾಗೆ! 2024ರ ಅಕ್ಟೋಬರ್ 1ರಿಂದ ಬರೀ ಆ ಅಕ್ಷರ ಇರುವ ಟೈರ್ ಜರ್ಮನಿಯಲ್ಲಿ ಚಳಿಗಾಲಕ್ಕೆ ಸಲ್ಲುವುದಿಲ್ಲ. ನಾವು ನೋಡಲು ಹೋದದ್ದು ಅದಾಗಿ ಮೂರೇ ವಾರಕ್ಕೆ.

ವರ್ಷಪೂರ್ತಿ ಒಂದೇ ಟೈರ್ ಹಾಕುವವರೂ ಅಲ್ಲಿದ್ದಾರೆ. ಅಂಥ ಟೈರಿಗೂ ಬೆಟ್ಟದ ಗುರುತು ಇದ್ದರೆ ಕಾನೂನಿಗೆ ಸರಿ. ಊರೊಳಗೆ ಓಡಾಡುವವರಿಗೆ ಅದೇ ಸಾಕು ಎಂದು ನನಗೂ ಅನಿಸಿತು. ಆದರೆ ನಾವು ಹೊರಟಿದ್ದು ಆಲ್ಪ್ಸ್ ಬೆಟ್ಟಕ್ಕೆ, ಹಿಂದಿನ ಸೀಟಿನಲ್ಲಿ ಹಸುಗೂಸು.

ಕೊನೆಗೆ ನಾನು ನನ್ನ ಹಳೆಯ ಬ್ರಹ್ಮಾಸ್ತ್ರ ಬಿಟ್ಟೆ. "ನಾಲ್ಕು ಯಾಕೆ? ನಿಮ್ದು ಮುಂದಿನ ಚಕ್ರ ಎಳೆಯೋ ಗಾಡಿ. ಮುಂದಕ್ಕೆ ಎರಡು ಹೊಸದು ಹಾಕಿ. ಹಿಂದಿನವು ಸುಮ್ನೆ ಉರುಳ್ಕೊಂಡು ಬರುತ್ವೆ."

"ಹಾಗಲ್ಲ ಮಾವ. ಮುಂದೆ ಹಿಡಿದು ಹಿಂದೆ ಹಿಡೀದೇ ಇದ್ರೆ ತಿರುವಿನಲ್ಲಿ ಗಾಡಿ ಬುಗುರಿ ಆಗುತ್ತೆ. ಹಿಂದೆ ಹಿಡಿದು ಮುಂದೆ ಹಿಡೀದೇ ಇದ್ರೆ ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ನೆಟ್ಟಗೆ ಹೋಗಿ ಗುದ್ದುತ್ತೆ."

ಆ ಎರಡನೆಯ ಮಾತು ಕೇಳಿ ನನ್ನ ನಾಲಿಗೆ ಒಣಗಿತು. ಅವರಿಗೆ ಗೊತ್ತಿರಲಿಲ್ಲ, ಪಾಪ. ಯಾರಿಗೂ ಗೊತ್ತಿರಲಿಲ್ಲ. ಮುಂದೆ ಹೇಳುತ್ತೇನೆ.

"ನಾಲ್ಕೂ ತಗೊಳ್ಳಿ" ಎಂದು ಬಿಟ್ಟೆ.

ನಟ್ಟಲ್ಲ, ಬೋಲ್ಟು!

ಟೈರಿನ ಪಕ್ಕದಲ್ಲಿ 205/55 ಆರ್ 16 ಎಂದಿತ್ತು. ಅಗಲ 205 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 55 ಭಾಗ, ಡಿಸ್ಕು 16 ಇಂಚು. ಪಕ್ಕದಲ್ಲಿ 91 ಎಂದರೆ ಒಂದು ಟೈರು 615 ಕಿಲೋ ಹೊರಬಲ್ಲದು. ಕೊನೆಗೆ 'ಟಿ' ಎಂದರೆ ಗಂಟೆಗೆ 190 ಕಿಲೋಮೀಟರ್ ತನಕ. ಗಾಡಿ ಅದಕ್ಕಿಂತ ಜೋರಾಗಿ ಓಡುವಂಥದ್ದು, ಹಾಗಾಗಿ ಡ್ರೈವರ್ ಕಣ್ಣಿಗೆ ಬೀಳುವಂತೆ '190' ಎಂದು ಚೀಟಿ ಅಂಟಿಸಬೇಕು. ನಮ್ಮ ಹಳೆಯ ವ್ಯಾನು 70 ದಾಟಿದರೆ ಅದೇ ಅಳುತ್ತಿತ್ತು, ಚೀಟಿ ಬೇಕಿರಲಿಲ್ಲ.

ಹೊಸ ಟೈರನ್ನು ಮುಟ್ಟಿ ನೋಡಿದೆ. ದಪ್ಪ ದಪ್ಪ ಗುಬ್ಬಿಗಳು, ಪ್ರತಿ ಗುಬ್ಬಿಯ ಮೇಲೂ ಬ್ಲೇಡಿನಿಂದ ಗೀರಿದಂಥ ಅಂಕುಡೊಂಕು ಸೀಳುಗಳು. ಭಾರ ಬಿದ್ದಾಗ ಆ ಸೀಳು ಬಾಯಿ ಬಿಟ್ಟು ಹಿಮವನ್ನು ಕಚ್ಚುತ್ತೆ. ಗಾಡಿಯೊಳಗೆ ಹಿಮ ತುಂಬಿಕೊಂಡರೆ ಇನ್ನೂ ಒಳ್ಳೆಯದಂತೆ. ಹಿಮಕ್ಕೆ ಹಿಮ ಅಂಟಿದಷ್ಟು ಇನ್ನೇನೂ ಅಂಟುವುದಿಲ್ಲ. ಹುಡುಗರು ಹಿಮದ ಉಂಡೆ ಕಟ್ಟುವುದು ನೋಡಿದರೆ ಗೊತ್ತಾಗುತ್ತೆ.

ಡಿಸ್ಕಿಗೆ ಟೈರ್ ಏರಿಸುವುದು ಅಂಗಡಿಯಲ್ಲಾಯಿತು. ಗಾಡಿಗೆ ಚಕ್ರ ಹಾಕುವುದು ಮಾತ್ರ ನಾವೇ ಎಂದು ನಾನು ಪಟ್ಟು ಹಿಡಿದೆ. ಊರ ಹೊರಗೆ ಅಳಿಯಂದಿರ ಗೆಳೆಯರ ಮನೆಯ ಅಂಗಳ. ಅಲ್ಲಿ ನನಗೊಂದು ಅವಮಾನ! ನಮ್ಮ ಗಾಡಿಗಳಲ್ಲಿ ಹಬ್ಬಿನಿಂದ ಸ್ಟಡ್ ಹೊರಗೆ ಚಾಚಿರುತ್ತೆ, ಚಕ್ರ ತೂಗುಹಾಕಿ ನಟ್ಟು ತಿರುಗಿಸಿದರೆ ಮುಗಿಯಿತು. ಆ ಗಾಡಿಯಲ್ಲಿ ಸ್ಟಡ್ಡೇ ಇಲ್ಲ. ಚಕ್ರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ತೂತಿಗೆ ತೂತು ಸೇರಿಸಿ ಬೋಲ್ಟ್ ಹಾಕಬೇಕು. ಅರವತ್ತು ದಾಟಿದ ನನ್ನ ಸೊಂಟ "ಅಯ್ಯೋ" ಎಂದಿತು. ಅಳಿಯಂದಿರು ಬಾಯಿಬಿಟ್ಟು ನಗಲಿಲ್ಲ, ಹೊಟ್ಟೆಯಲ್ಲಿ ನಕ್ಕಿರಬೇಕು.

ಉಳಿದ ಕ್ರಮವೆಲ್ಲ ಗೊತ್ತಿದ್ದದ್ದೇ. ಜಾಕ್ ಎತ್ತುವ ಮೊದಲೇ ಬೋಲ್ಟ್ ಸಡಿಲಿಸಬೇಕು. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಕು, ಇಲ್ಲದಿದ್ದರೆ ಚಕ್ರ ನೆಟ್ಟಗೆ ಕೂರುವುದಿಲ್ಲ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಡಿ ಮುಂದೆ ಹೋಗುವ ಕಡೆಗೇ ತಿರುಗಬೇಕು. ಬೋಲ್ಟನ್ನು ಪಕ್ಕಪಕ್ಕದ್ದಲ್ಲ, ಎದುರುಬದುರಾಗಿ ಬಿಗಿಯಬೇಕು. ನಾನು ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯಲು ಹೋದೆ. ಅಳಿಯಂದಿರು ತಡೆದು, 'ಟಕ್' ಎಂದು ಸದ್ದು ಮಾಡುವ ಸ್ಪ್ಯಾನರ್ ಕೊಟ್ಟರು. ಆ ಗಾಡಿಯ ಪುಸ್ತಕದಲ್ಲಿ 120 ನ್ಯೂಟನ್ ಮೀಟರ್ ಎಂದಿದೆ, ಅಷ್ಟಾದ ಕೂಡಲೆ ಟಕ್. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ಬಿಗಿ ನೋಡಬೇಕು. ಗಾಳಿಯನ್ನೂ ಅಷ್ಟೇ, ಹತ್ತು ಡಿಗ್ರಿ ಚಳಿ ಏರಿದರೆ ಸುಮಾರು 0.1 ಬಾರ್ ಗಾಳಿ ತಾನಾಗಿಯೇ ಇಳಿದಿರುತ್ತೆ.

ಬಿಚ್ಚಿದ ಬೇಸಿಗೆ ಟೈರುಗಳ ಮೇಲೆ ಯಾವುದು ಎಲ್ಲಿಯದು ಎಂದು ಸೀಮೆಸುಣ್ಣದಲ್ಲಿ ನಾನೇ ಬರೆದೆ. 'ಮುಂ.ಎ', 'ಮುಂ.ಬ', 'ಹಿಂ.ಎ', 'ಹಿಂ.ಬ'. ಟೈರ್ ಹೋಟೆಲಿನ ಮೆಕ್ಯಾನಿಕ್ ಅದನ್ನು ತಲೆಕೆಳಗೆ ಮಾಡಿ ನೋಡಿದ, ಪಕ್ಕಕ್ಕೆ ತಿರುಗಿಸಿ ನೋಡಿದ. ಜರ್ಮನಿಯ ಗೋಡೌನಿನಲ್ಲಿ ಕನ್ನಡ ಅಕ್ಷರ ಆರು ತಿಂಗಳು ಲಾಡ್ಜಿಂಗ್ ಮಾಡಿತು!

ಕೊನೆಯಲ್ಲಿ ಅಳಿಯಂದಿರು ಒಂದು ಡಬ್ಬಿ ತಂದು ಡಿಕ್ಕಿಯಲ್ಲಿಟ್ಟರು. ಹಿಮದ ಚೈನು. "ಟೈರ್ ಸೋತ್ರೆ ಇದು. ಬೇಕಾಗ್ಲಿಕ್ಕಿಲ್ಲ" ಅಂದರು. ಆ ಡಬ್ಬಿಯ ಕಡೆ ನಾನು ನೋಡಲಿಲ್ಲ.

ಬಲಗಾಲು ಸುಮ್ಮನಿರಲಿಲ್ಲ

ಜನವರಿಯ ಒಂದು ಶನಿವಾರ ಹೊರಟೆವು. ಅಲ್ಲಿ ಸ್ಟೇರಿಂಗ್ ಎಡಕ್ಕೆ. ನಾನು ಕೂತದ್ದು ಬಲಕ್ಕೆ. ಮೂವತ್ತೆರಡು ವರ್ಷ ಕೂತ ಜಾಗ ಅದು. ಆದರೆ ಮುಂದೆ ಸ್ಟೇರಿಂಗ್ ಇಲ್ಲ, ಕಾಲ ಕೆಳಗೆ ಬ್ರೇಕ್ ಇಲ್ಲ! ಮ್ಯೂನಿಕ್ ದಾಟುವಷ್ಟರಲ್ಲೇ ನನ್ನ ಬಲಗಾಲು ನೆಲದ ಮ್ಯಾಟನ್ನು ನಲವತ್ತು ಸಲ ಒತ್ತಿತ್ತು.

ಗಾರ್ಮಿಶ್ ಕಡೆಯ ಹೆದ್ದಾರಿ ಕನ್ನಡಿ. 1936ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಅದರ ನೆತ್ತಿಯ ಮೇಲೆ ಜರ್ಮನಿಯಲ್ಲೇ ಎತ್ತರದ ತ್ಸುಗ್‌ಶ್ಪಿಟ್ಸೆ ಶಿಖರ, 2,962 ಮೀಟರ್. ಮುಂದೆ ಪಿಟೀಲು ಮಾಡುವವರ ಊರು ಮಿಟನ್‌ವಾಲ್ಡ್. ಗೋಡೆಗಳ ಮೇಲೆಲ್ಲ ಚಿತ್ರ, ನಮ್ಮ ಸಿನಿಮಾ ಬ್ಯಾನರ್ ಬರೆಯುವವರು ನೋಡಿದ್ದರೆ ಅಲ್ಲೇ ನಿಂತುಬಿಡುತ್ತಿದ್ದರು. ಆಸ್ಟ್ರಿಯಾ ಗಡಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಜ಼ೀಫೆಲ್ಡ್ ದಾಟಿದ ಮೇಲೆ ರಸ್ತೆ ಕಡಿದಾಗಿ ಇನ್ ನದಿಯ ಕಣಿವೆಗೆ ಧುಮುಕುತ್ತೆ. ಬ್ರೇಕ್ ಸುಟ್ಟ ಲಾರಿಗಳು ನುಗ್ಗಿ ನಿಲ್ಲಲು ಪಕ್ಕದಲ್ಲೇ ಓಡುದಾರಿ ಮಾಡಿಟ್ಟಿದ್ದಾರೆ. ಅದನ್ನು ನೋಡಿ ನನ್ನ ಕಾಲು ಮ್ಯಾಟ್ ಹರಿಯುವುದೊಂದು ಬಾಕಿ. ಅಳಿಯಂದಿರು ಸಣ್ಣ ಗೇರಿನಲ್ಲಿ, ಬ್ರೇಕಿಗೆ ಕೆಲಸ ಕೊಡದೆ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಇಳಿಸಿದರು. ಒಳಗೊಳಗೇ ಮೆಚ್ಚಿದೆ.

ಅಲ್ಲಿಂದ ಓಟ್ಸ್‌ಟಾಲ್ ಕಣಿವೆ. ಸುಮಾರು 65 ಕಿಲೋಮೀಟರ್ ಉದ್ದ, ಎರಡೂ ಕಡೆ ಗೋಡೆಯಂಥ ಬೆಟ್ಟ. 1991ರಲ್ಲಿ ಇದರ ಮೇಲಿನ ಹಿಮದಲ್ಲಿ, ಗಡಿಯ ಆಚೆ ಇಟಲಿಯ ಕಡೆ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ದೇಹ ಕೆಡದೆ ಸಿಕ್ಕಿತು. ಈ ಕಣಿವೆಯ ಹೆಸರಿನ ಮೇಲೇ ಅವನನ್ನು ಓಟ್ಸಿ ಎಂದು ಕರೆಯುತ್ತಾರೆ. ಅವನ ಕಾಲಲ್ಲಿ ಏನಿತ್ತು ಗೊತ್ತೇ? ಕರಡಿ ಚರ್ಮದ ಅಟ್ಟೆ, ಒಳಗೆ ಬೆಚ್ಚಗಿರಲು ಒಣಹುಲ್ಲು ತುಂಬಿದ ಮೆಟ್ಟು! "ನೋಡಿದ್ರಾ ಮಾವ, ಅವನೂ ಚಳಿಗಾಲದ ಸೆಟ್ ಹಾಕಿದ್ದ" ಎಂದರು ಅಳಿಯಂದಿರು. ಮಗಳು ಹಿಂದಿನಿಂದ ನಕ್ಕಳು.

ಉಮ್‌ಹೌಸನ್ ದಾಟುವಾಗ ಹಿಮ ಶುರುವಾಯಿತು. ಲೇಂಗನ್‌ಫೆಲ್ಡ್ ಬರುವಷ್ಟರಲ್ಲಿ ರಸ್ತೆ, ಗದ್ದೆ, ಆಕಾಶ ಎಲ್ಲ ಒಂದೇ ಬಿಳುಪು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಎಂದು ಮೀಟರ್ ತೋರಿಸಿತು. ಟೈರುಗಳು ಮಾತ್ರ ಸೊಗಸಾಗಿ ಕಚ್ಚಿಕೊಂಡು ಹೋದವು. ನಾನು ಪೂರ್ತಿ ಒಪ್ಪಿಕೊಂಡದ್ದು ಆಗಲೇ.

ಜ಼ೋಲ್ಡನ್ ಊರು ಸಿಕ್ಕಿತು. ನಾವು ಉಳಿಯುವ ಮನೆ ಪಕ್ಕದ ಏರಿನ ಮೇಲೆ. ಸಣ್ಣ ರಸ್ತೆ, ಒಂದು ಕಡೆ ಕಟ್ಟೆ, ಇನ್ನೊಂದು ಕಡೆ ಇಳಿಜಾರು. ಮೊದಲ ತಿರುವು ಹತ್ತಿದೆವು. ಎರಡನೆಯದರಲ್ಲಿ ಮೇಲಿನ ಹಿಮದ ಕೆಳಗೆ ನುಣ್ಣನೆಯ ಮಂಜುಗಡ್ಡೆ. ಚಕ್ರ ಗಿರ್ರನೆ ಸುತ್ತಿತು. ಗಾಡಿ ನಿಂತಿತು. ಆಮೇಲೆ ಸದ್ದಿಲ್ಲದೆ ಒಂದು ಗೇಣು ಹಿಂದಕ್ಕೆ ಜಾರಿತು.

ಒಂದೇ ಗೇಣು! ಹಿಂದೆ ಮಗಳು, ನನ್ನವಳು, ಮಗು. ಯಾರೂ ಮಾತಾಡಲಿಲ್ಲ.

"ನಿಲ್ಸಿ. ಹ್ಯಾಂಡ್‌ಬ್ರೇಕ್ ಹಾಕಿ. ಎಲ್ರೂ ಇಳೀರಿ. ಮೇಲಿನ ಕಡೆ ಹೋಗಿ ನಿಂತ್ಕೊಳ್ಳಿ. ಗಾಡಿ ಹಿಂದೆ ಯಾರೂ ನಿಲ್ಲಕೂಡದು!" ನನ್ನ ಗಂಟಲು ಅಷ್ಟು ಜೋರಾಗಿ ಬಂದದ್ದಕ್ಕೆ ಮಗು ಎದ್ದು ಅಳಲು ಶುರು ಮಾಡಿತು.

ಕಟ್ಟೆಯಿಂದ ಕಲ್ಲು ತಂದು ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟೆ. ಅಳಿಯಂದಿರು ಡಿಕ್ಕಿ ತೆಗೆದು ಚೈನಿನ ಡಬ್ಬಿ ಎಳೆದರು. ಬೆರಳು ಮರಗಟ್ಟಿತ್ತು, ಗಾಬರಿ ಬೇರೆ. ಹತ್ತಿರ ಇದ್ದ ಹಿಂದಿನ ಚಕ್ರದ ಮುಂದೆಯೇ ಕುಕ್ಕರಿಸಿ ಚೈನ್ ಬಿಡಿಸತೊಡಗಿದರು. ಅರ್ಧ ನಿಮಿಷ ಬಿಟ್ಟಿದ್ದರೆ ಅವರಿಗೇ ಹೊಳೆಯುತ್ತಿತ್ತು, ತಿಳಿದವರು. ಆದರೆ ನಾನು ಕೂಗಿಯೇ ಬಿಟ್ಟೆ.

"ಅಲ್ಲಲ್ಲ! ಮುಂದೆ! ಎಳೆಯೋ ಚಕ್ರಕ್ಕೆ ಹಾಕೋ!"

ಅಳಿಯನನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆ ಕೂಗು ಅವರಿಗೆ ಕೂಗಿದ್ದಲ್ಲ.

ಆ ಕೂಗು ಯಾರಿಗೆ?

1987ರ ಅಕ್ಟೋಬರ್ ಕೊನೆ. ಮನಾಲಿಯಿಂದ ರೋಹ್ತಂಗ್‌ಗೆ ಹೋಗುವ ದಾರಿಯಲ್ಲಿ ಮಢಿ ಎಂಬ ಜಾಗ. ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲೆ. ಒಂದು ಹಾಡಿಗೆ ಹೋಗಿದ್ದೆವು. ಹೀರೋಗೆ ಎರಡು ಸ್ವೆಟರ್ ಮೇಲೊಂದು ಕೋಟು, ಹೀರೋಯಿನ್‌ಗೆ ತೆಳ್ಳನೆಯ ಶಿಫಾನ್ ಸೀರೆ! 'ಕಟ್' ಎಂದ ಕೂಡಲೆ ಕಂಬಳಿ ಹೊದಿಸಲು ಇಬ್ಬರು ಓಡುತ್ತಿದ್ದರು. ಬಾಡಿಗೆ ಉಳಿಸಲು ನಿರ್ಮಾಪಕರು ನಮ್ಮ ಮಟಾಡೋರ್ ವ್ಯಾನನ್ನೇ ಬೆಂಗಳೂರಿನಿಂದ ಓಡಿಸಿಕೊಂಡು ಬರಲು ಹೇಳಿದ್ದರು. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಟೈರುಗಳು ರೀಸೋಲ್ ಮಾಡಿಸಿದ್ದವು. ಗಾಡಿ ಇರಲಿ, ಗೆರೆಯೂ ಇರಲಿಲ್ಲ.

ಬೆಳಿಗ್ಗೆ ಹತ್ತುವಾಗ ರಸ್ತೆ ಒಣಗಿತ್ತು. ಮಧ್ಯಾಹ್ನದ ಮೇಲೆ ಹಿಮ ಬಿತ್ತು. ನಿರ್ದೇಶಕರಿಗೆ ಖುಷಿಯೋ ಖುಷಿ, ಬಿಟ್ಟಿ ಎಫೆಕ್ಟು! ಸಂಜೆ ಇಳಿಯುವ ಹೊತ್ತಿಗೆ ರಸ್ತೆ ಮುಚ್ಚಿತ್ತು. ಮನಾಲಿಯಲ್ಲಿ ಬಾಡಿಗೆಗೆ ತಂದಿದ್ದ ಒಂದೇ ಜೊತೆ ಚೈನಿತ್ತು. ಲೈಟ್‌ಬಾಯ್ ಒಬ್ಬ, ಮಾಗಡಿ ಕಡೆಯವನು, ಹತ್ತೊಂಬತ್ತು ವರ್ಷ, ಕೇಳಿದ: "ಅಣ್ಣ, ಯಾವ ಚಕ್ರಕ್ಕೆ?"

ಅಕ್ಕಪಕ್ಕ ನೋಡಿದೆ. ಜೀಪಿನವರು ಹಿಂದಕ್ಕೆ ಹಾಕುತ್ತಿದ್ದರು. ಲಾರಿಯವರು ಹಿಂದಕ್ಕೆ ಹಾಕುತ್ತಿದ್ದರು. "ಹಿಂದಕ್ಕೆ ಹಾಕೋ" ಎಂದೆ.

ಜೀಪಿಗೂ ಲಾರಿಗೂ ಹಿಂದಿನ ಚಕ್ರ ತಳ್ಳುತ್ತೆ. ನಮ್ಮ ವ್ಯಾನು ಮುಂದಿನ ಚಕ್ರ ಎಳೆಯುವ ಮಾದರಿ. ಅದು ನನಗೆ ಗೊತ್ತಿರಲಿಲ್ಲವೇ? ಏಳು ವರ್ಷದಿಂದ ಅದನ್ನೇ ಓಡಿಸುತ್ತಿದ್ದೆ! ಚಳಿ, ಆತುರ, ಎಲ್ಲರ ಮುಂದೆ ತಿಳಿದವನಂತೆ ನಿಲ್ಲುವ ಚಪಲ. ಹಿಂದಿನ ಚಕ್ರ ಹಿಡಿಯಿತು, ಮುಂದಿನ ಬೋಳು ಟೈರುಗಳು ಹಿಡಿಯಲಿಲ್ಲ. ಎರಡನೆಯ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ವ್ಯಾನು ನೆಟ್ಟಗೆ ಹೋಯಿತು. ಅಡ್ಡಗಲ್ಲು ಹಿಡಿದುಕೊಂಡು ಮುಂದೆ ಮುಂದೆ ನಡೆಯುತ್ತಿದ್ದ ಆ ಹುಡುಗ ತಿರುವಿನ ಕಟ್ಟೆಗೆ ಒರಗಿ ನಿಂತಿದ್ದ. ಬಂಪರಿಗೂ ಕಟ್ಟೆಗೂ ನಡುವೆ ಅವನ ಕಾಲು.

ಜೀವ ಉಳಿಯಿತು. ಕಾಲಿಗೆ ರಾಡ್ ಬಿತ್ತು. ಇವತ್ತಿಗೂ ಎಳೆದುಕೊಂಡೇ ನಡೆಯುತ್ತಾನೆ. ಲೈಟ್ ಹೊರುವ ಕೆಲಸ ಅಲ್ಲಿಗೆ ಮುಗಿಯಿತು. ಕೆಲವು ವರ್ಷದ ಮೇಲೆ ಬೆಂಗಳೂರಿನಲ್ಲೇ ಟೀ ಅಂಗಡಿ ಇಟ್ಟ. ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: "ಐಸ್ ಕಣ್ರೀ, ಯಾರೇನ್ ಮಾಡಕ್ಕಾಗುತ್ತೆ?" ಚೈನಿನ ವಿಷಯ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವನ ಅಂಗಡಿಯಲ್ಲಿ ಟೀ ಕುಡಿದಾಗಲೆಲ್ಲ ಚಿಲ್ಲರೆ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಅವನು ಅದನ್ನು ಪ್ರೀತಿ ಎಂದುಕೊಂಡಿದ್ದ.

ಇವತ್ತು ಮನಾಲಿಯಿಂದ ಲಾಹೌಲ್ ಕಡೆಗೆ ಹೋಗಲು ರೋಹ್ತಂಗ್ ಹತ್ತಬೇಕಾಗಿಲ್ಲ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆಯಿತು, ಒಂಬತ್ತು ಕಿಲೋಮೀಟರ್ ಉದ್ದ. ಆದರೆ ನನ್ನ ತಲೆಯೊಳಗಿನ ಆ ತಿರುವಿಗೆ ಯಾರೂ ಸುರಂಗ ಕೊರೆದಿಲ್ಲ.

ಮೂರು ಸಾವಿರ ಮೀಟರ್ ಮೇಲಿನ ಫೋನು

ಜ಼ೋಲ್ಡನ್‌ನ ಏರಿನಲ್ಲಿ ಮುಂದಿನ ಚಕ್ರದ ಮುಂದೆ ನಾನೇ ಮಂಡಿಯೂರಿದೆ. ಈಗಿನ ಚೈನು ಸುಲಭ. ಬಾಗುವ ಬಳೆಯನ್ನು ಚಕ್ರದ ಹಿಂದಿನಿಂದ ತೂರಿಸಿ ಮೇಲೆ ಕೊಂಡಿ ಹಾಕುವುದು, ಮುಂದಿನ ಕೊಕ್ಕೆ ಸಿಕ್ಕಿಸುವುದು, ಕೆಳಗಿನ ಸರಪಣಿ ಎಳೆದು ಬಿಗಿಯುವುದು. ಇನ್ನೊಂದು ಚಕ್ರಕ್ಕೂ ಹಾಗೆಯೇ. ನಾಲ್ಕು ಮಾರು ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ನೋಡಬೇಕು, ಮೊದಲ ಸುತ್ತಿನಲ್ಲಿ ಸಡಿಲವಾಗುತ್ತೆ. ಐವತ್ತರ ಮೇಲೆ ಓಡಿಸುವ ಹಾಗಿಲ್ಲ. ಡಾಂಬರು ಕಂಡ ಕೂಡಲೆ ಬಿಚ್ಚಬೇಕು. ಅಳಿಯಂದಿರು ನಿಧಾನವಾಗಿ ಎಕ್ಸಲೇಟರ್ ಕೊಟ್ಟರು. ಕರ್ ಕರ್ ಎಂದು ಕಬ್ಬಿಣ ಮಂಜುಗಡ್ಡೆಯನ್ನು ಕಡಿಯುತ್ತಾ ಗಾಡಿ ಮೇಲೆ ಹತ್ತಿತು. ನಾನು ಫೋನಿನಲ್ಲಿ ಚಕ್ರದ ಫೋಟೋ ತೆಗೆದುಕೊಂಡೆ. ಯಾಕೆ ತೆಗೆದೆ ಎಂದು ಆಗ ಗೊತ್ತಿರಲಿಲ್ಲ.

ಮಾರನೆ ದಿನ ಬಿಸಿಲು. ರೋಪ್‌ವೇ ಹತ್ತಿ ಗೈಸ್ಲಾಖ್‌ಕೋಗಲ್ ಶಿಖರಕ್ಕೆ ಹೋದೆವು. 3,000 ಮೀಟರಿಗೂ ಮೇಲೆ ಆ ಗಾಜಿನ ಕಟ್ಟಡ! ಪಕ್ಕದಲ್ಲೇ ಬೆಟ್ಟ ಕೊರೆದು 2018ರಲ್ಲಿ ಬಾಂಡ್ ಪ್ರದರ್ಶನಶಾಲೆ ಮಾಡಿದ್ದಾರೆ. ಡೇನಿಯಲ್ ಕ್ರೇಗ್ ಓಡಾಡಿದ ಜಾಗದಲ್ಲಿ ನನ್ನವಳು ಮಂಕಿಕ್ಯಾಪ್ ಹಾಕಿಕೊಂಡು ಫೋಟೋ ತೆಗೆಸಿಕೊಂಡಳು. ನೋಡುವಂಥ ಜಾಗವೇ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮನಸ್ಸು ಜೇಬಿನಲ್ಲಿದ್ದ ಫೋನಿನ ಮೇಲಿತ್ತು.

ಅಲ್ಲಿ ಬೆಳಿಗ್ಗೆ ಹನ್ನೊಂದು. ಬೆಂಗಳೂರಿನಲ್ಲಿ ಮೂರೂವರೆ, ಟೀ ವ್ಯಾಪಾರ ಶುರುವಾಗುವ ಹೊತ್ತು. ಫೋಟೋ ಕಳಿಸಿದೆ. ಆಮೇಲೆ ಫೋನ್ ಮಾಡಿದೆ.

"ಏನಣ್ಣ, ಫಾರಿನ್ನಿಂದ! ಏನಿದು ಚೈನು?"

"ಲೋ... ಮಢಿಯಲ್ಲಿ ಆವತ್ತು... ಇದನ್ನ ಮುಂದಕ್ಕೆ ಹಾಕ್ಬೇಕಾಗಿತ್ತು ಕಣೋ. ನಮ್ ವ್ಯಾನಿಗೆ ಮುಂದಿನ ಚಕ್ರ. ನಾನು ಹಿಂದಕ್ಕೆ ಅಂತ ಹೇಳಿದ್ದೇ ತಪ್ಪು. ನನ್ ತಪ್ಪು. ಐಸ್ ಅಲ್ಲ."

ಆ ಕಡೆ ಲೋಟಗಳ ಸದ್ದು ಮಾತ್ರ. ಸ್ಟವ್ ಆರಿಸಿದನೇನೋ, ಆ ಭರ್ರನೆಯ ಶಬ್ದ ನಿಂತಿತು.

"ಅಣ್ಣ, ನಾನು ಸಡಿಲ ಕಟ್ಟಿದ್ದೆ ಅಂದ್ಕೊಂಡಿದ್ದೆ" ಅಂದ. "ಬೆರಳು ಆಡ್ತಿರ್ಲಿಲ್ಲ ಆವತ್ತು. ಕೊನೇ ಕೊಂಡಿ ಸರಿಯಾಗಿ ಬಿತ್ತೋ ಇಲ್ವೋ ನೋಡ್ಲಿಲ್ಲ. ನಂದೇ ತಪ್ಪು, ನೀವು ಎಲ್ಲರ ಮುಂದೆ ಐಸು ಐಸು ಅಂತ ನನ್ನ ಕಾಪಾಡಿದ್ರಿ ಅಂತ... ಮನೇಲೂ ಹಂಗೇ ಹೇಳಿದ್ದೀನಿ."

ನನಗೆ ಉತ್ತರ ತೋಚಲಿಲ್ಲ. ಮೂವತ್ತೇಳು ವರ್ಷ ಇಬ್ಬರೂ ಒಂದೇ ಟೀ ಅಂಗಡಿಯಲ್ಲಿ ಎದುರುಬದುರು ನಿಂತಿದ್ದೇವೆ!

"ಕೊಂಡಿ ಸರಿಯಾಗೇ ಬಿದ್ದಿತ್ತು ಕಣೋ" ಎಂದೆ. "ವ್ಯಾನ್ ಎಳೆದಾಗ ನಾನೇ ನೋಡ್ದೆ. ಚೈನ್ ಜಾಗ ಬಿಟ್ಟು ಕದಲಿರ್ಲಿಲ್ಲ."

"ಹೌದಾ ಅಣ್ಣ?"

"ಹೂಂ ಕಣೋ."

ಮತ್ತೆ ಸ್ವಲ್ಪ ಹೊತ್ತು ಲೋಟಗಳ ಸದ್ದು. ಯಾರೋ ಗಿರಾಕಿ ಟೀ ಕೇಳಿದ. "ಬಂದೆ ಸ್ವಾಮಿ" ಎಂದವನು ನನ್ನ ಕಡೆ ತಿರುಗಿದ ಹಾಗೆ ದನಿ ಇಳಿಸಿದ.

"ಅಣ್ಣ, ಇನ್ಮೇಲೆ ಬಂದಾಗ ಚಿಲ್ರೆ ಇಸ್ಕೊಂಡ್ ಹೋಗ್ಬೇಕು ನೀವು. ಅದಿರ್ಲಿ, ಅಲ್ಲಿ ಆ ಚೈನು ಒಂದ್ ಜೊತೆಗೆ ಎಷ್ಟಂತೆ?"